ಬೂಟ್ ಸಿಡಿ ಮೆನುಗೆ ಹಾರ್ಡ್ ಡಿಸ್ಕ್ ಟೆಸ್ಟ್ ಟೂಲ್ ಸೇರಿಸೋದು ಹೇಗೆ? ಐಎಸ್‌ಒ ಹಾಕಿದ್ರೆ ಏಳ್ತಾನೇ ಇಲ್ಲ

ಶರಾವತಿ_ತೀರ

ಐಸೊಲಿನಕ್ಸ್ (ಸಿಡಿಯಿಂದ ಕಂಪ್ಯೂಟರ್ ಎಬ್ಬಿಸೋ ಬೂಟ್ ಲೋಡರ್) ಮೇಲೆ ಕಟ್ಟಿರೋ ಬೂಟ್ ಸಿಡಿ ಒಂದಿದೆ. ಸದ್ಯಕ್ಕೆ ಮೆನುವಿನಲ್ಲಿ ಮೆಮ್‌ಟೆಸ್ಟ್ ಮತ್ತು ಒಂದು ಫ್ರೀಡಾಸ್ ಫ್ಲಾಪಿ ಇಮೇಜ್ ಇವೆ, ಎರಡೂ ಸರಿಯಾಗಿ ಏಳ್ತವೆ. ಇದಕ್ಕೆ ಹಿಟಾಚಿಯ ಡ್ರೈವ್ ಫಿಟ್‌ನೆಸ್ ಟೆಸ್ಟ್ (ಡಿಎಫ್‌ಟಿ) 4.16 ಮತ್ತು ಎಂಎಚ್‌ಡಿಡಿ 4.6 ಅನ್ನೋ ಎರಡು ಡಿಸ್ಕ್ ಟೆಸ್ಟ್ ಟೂಲ್ ಸೇರಿಸಬೇಕು.

ಮೊದಲು ಟೂಲ್‌ನ ಐಎಸ್‌ಒ ಫೈಲನ್ನೇ ಸಿಡಿಯೊಳಗೆ ಹಾಕಿ, ಕಾನ್ಫಿಗ್ ಫೈಲ್‌ನಲ್ಲಿ ಕರ್ನಲ್ ಅನ್ನೋ ಸಾಲಿಗೆ ಅದರ ಹೆಸರು ಕೊಟ್ಟೆ. "ಇನ್‌ವ್ಯಾಲಿಡ್ ಆರ್ ಕರಪ್ಟ್ ಕರ್ನಲ್ ಇಮೇಜ್" ಅಂತ ಬಂತು. ಆಮೇಲೆ ಮೆಮ್‌ಡಿಸ್ಕ್ (ಇಮೇಜನ್ನ ರಾಮ್‌ಗೆ ಏರಿಸಿ ಡಿಸ್ಕ್ ಥರ ತೋರಿಸೋ ಟೂಲ್) ಮೂಲಕ ಕೊಟ್ಟೆ, ಈಗ "ಕುಡ್ ನಾಟ್ ಫೈಂಡ್ ರಾಮ್‌ಡಿಸ್ಕ್ ಇಮೇಜ್" ಅಂತಿದೆ. ಫೈಲ್ ಸಿಡಿಯಲ್ಲಿ ಇದೆ, ವಿಂಡೋಸ್‌ನಲ್ಲಿ ತೆರೆದರೆ ಕಾಣುತ್ತೆ. ತಪ್ಪು ಎಲ್ಲಿ?

ಐಎಸ್‌ಒ ಕಟ್ಟೋದು ಎಂಕೆಐಎಸ್‌ಒಎಫ್‌ಎಸ್ ಕಮಾಂಡ್‌ನಲ್ಲಿ, ಉದ್ದ ಹೆಸರು ಉಳಿಸೋ ಜೋಲಿಯೆಟ್ (ವಿಂಡೋಸ್‌ಗೆ) ಮತ್ತು ರಾಕ್ ರಿಡ್ಜ್ (ಲಿನಕ್ಸ್‌ಗೆ) ಎರಡೂ ಹಾಕಿದೀನಿ.

ಬೂಟ್‌ಸೆಕ್ಟರ್

ನಿಮ್ಮ ಎರಡು ಎರರ್‌ಗೂ ಕಾರಣ ಬೇರೆ ಬೇರೆ, ಒಂದೇ ಅಂದ್ಕೋಬೇಡಿ.

ಮೊದಲನೆಯದು: ಐಎಸ್‌ಒ ಅನ್ನೋದು ಕರ್ನಲ್ ಅಲ್ಲ. ಐಸೊಲಿನಕ್ಸ್ ಲಿನಕ್ಸ್ ಕರ್ನಲ್, ಬೂಟ್ ಸೆಕ್ಟರ್, ತನ್ನದೇ ಸಿ32 ಮಾಡ್ಯೂಲ್ ಇಂಥವನ್ನಷ್ಟೇ ನೇರವಾಗಿ ಎಬ್ಬಿಸುತ್ತೆ. ನೀವು ಕೊಟ್ಟಿದ್ದು ಅದಕ್ಕೆ ಅರ್ಥವೇ ಆಗಿಲ್ಲ.

ಎರಡನೆಯದು ಹೆಸರಿನ ಕಿತಾಪತಿ. ಐಸೊಲಿನಕ್ಸ್ ಜೋಲಿಯೆಟ್ ಹೆಸರನ್ನೂ ಓದಲ್ಲ, ರಾಕ್ ರಿಡ್ಜ್ ಹೆಸರನ್ನೂ ಓದಲ್ಲ. ಬರೀ ಐಎಸ್‌ಒ 9660 ಹೆಸರು ಮಾತ್ರ. ಬೇರೆ ಏನೂ ಹೇಳದಿದ್ದರೆ ಎಂಕೆಐಎಸ್‌ಒಎಫ್‌ಎಸ್ ಆ ಹೆಸರನ್ನ 8 ಅಕ್ಷರ, ಚುಕ್ಕೆ, 3 ಅಕ್ಷರಕ್ಕೆ ಕತ್ತರಿಸಿ ಹಾಕುತ್ತೆ. ವಿಂಡೋಸ್ ನಿಮಗೆ ತೋರಿಸ್ತಿರೋದು ಜೋಲಿಯೆಟ್‌ನ ಉದ್ದ ಹೆಸರು, ಬೂಟ್ ಹೊತ್ತಲ್ಲಿ ಐಸೊಲಿನಕ್ಸ್‌ಗೆ ಕಾಣ್ತಿರೋದು ಕತ್ತರಿಸಿದ ಹೆಸರು. ಹಾಗಾಗಿ ಫೈಲ್ ಇದ್ದೂ ಇಲ್ಲ.

ಎರಡು ದಾರಿ: ಹೆಸರನ್ನೇ 8.3ಕ್ಕೆ ಇಳಿಸಿ, ಅಥವಾ ಕಮಾಂಡ್‌ಗೆ ಸಣ್ಣ ಎಲ್ ಆಪ್ಷನ್ ಸೇರಿಸಿ, ಆಗ 31 ಅಕ್ಷರದವರೆಗೂ ಉಳಿಯುತ್ತೆ. ನಾನಾದ್ರೆ ಎರಡನ್ನೂ ಮಾಡ್ತೀನಿ.

ಹುಬ್ಬಳ್ಳಿ_ಹಾರ್ಡ್‌ವೇರ್

ಬೂಟ್‌ಸೆಕ್ಟರ್ ಅವ್ರು ಹೇಳಿದ್ದು ಖರೇ ಐತ್ರಿ. ಆದ್ರ ಸಿಡಿ ಒಳಗ ಐಎಸ್‌ಒ ಯಾಕ್ ಹಾಕ್ತೀರಿ? ಈ ಡಾಸ್ ಕಾಲದ ಟೂಲ್‌ಗಳಲ್ಲಿ ಬಹಳಷ್ಟು ಒಳಗ ಫ್ಲಾಪಿ ಇಮೇಜೇ ಇರ್ತಾವ, ಸಿಡಿ ಅನ್ನೋದು ಬರೇ ಹೊದಿಕಿ. ಹೊದಿಕಿ ತಗದು ಫ್ಲಾಪಿ ಇಮೇಜ್ ಅಷ್ಟ ಹಾಕ್ರಿ.

7-ಜಿಪ್ ಒಳಗ ಐಎಸ್‌ಒ ತಗೀರಿ. ಚೌಕ ಕಂಸದಾಗ ಬೂಟ್ ಅಂತ ಒಂದು ಫೋಲ್ಡರ್ ಕಾಣ್ತದ. ಅದರಾಗಿನ ಫೈಲ್ ಹೆಸರಿನಾಗ 1.44 ಅಥವಾ 2.88 ಅಂತ ಇದ್ರ ಅದು ಫ್ಲಾಪಿ ಎಮ್ಯುಲೇಷನ್. ಹೊರಗ ಎಳಕೊಂಡು ನೇರ ಮೆಮ್‌ಡಿಸ್ಕ್‌ಗೆ ಕೊಡ್ರಿ. ನೋ-ಎಮ್ಯುಲ್ ಅಂತ ಇದ್ರ ಅದು ಬರೇ ಬೂಟ್ ಲೋಡರ್ ತುಣುಕು, ಅದನ್ನ ಒಂದನ್ನ ಎಳದ್ರ ಉಪಯೋಗಿಲ್ಲ.

ಲಿನಕ್ಸ್ ಮಂದಿಗೆ ಗೆಟ್‌ಎಲ್‌ಟೊರಿಟೊ ಅಂತ ಪರ್ಲ್ ಸ್ಕ್ರಿಪ್ಟ್ ಐತಿ, ಜೆನ್‌ಐಸೊಇಮೇಜ್ ಪ್ಯಾಕೇಜ್ ಜೋಡಿನ ಬರ್ತದ. ಅದೂ ಇದೇ ಕೆಲಸ ಮಾಡ್ತದ.

ಕರಾವಳಿ_ಕೋಡ್

ಎಳೆದ ಮೇಲೆ ಸೈಜ್ ನೋಡಿ ಮಾರಾಯ್ರೇ. 1.44 ಫ್ಲಾಪಿ ಅಂದ್ರೆ ಕರೆಕ್ಟಾಗಿ 14,74,560 ಬೈಟ್. 2.88 ಆದ್ರೆ 29,49,120. ಇದಕ್ಕಿಂತ ಒಂದು ಬೈಟ್ ಆಚೀಚೆ ಇದ್ರೂ ಎಳೆಯುವಾಗ ಏನೋ ತಪ್ಪಿದೆ ಅಂತ ಲೆಕ್ಕ.

ಯಾಕೆ ಹೇಳ್ತೇನೆ ಅಂದ್ರೆ ಮೆಮ್‌ಡಿಸ್ಕ್ ಡ್ರೈವ್‌ನ ಬಗೆಯನ್ನು ಊಹಿಸುವುದೇ ಸೈಜಿನಿಂದ. 4 ಎಂಬಿಗಿಂತ ಚಿಕ್ಕದು ಫ್ಲಾಪಿ, ಅದಕ್ಕಿಂತ ದೊಡ್ಡದು ಹಾರ್ಡ್ ಡಿಸ್ಕ್. ಸ್ಟ್ಯಾಂಡರ್ಡ್ ಅಲ್ಲದ ಸೈಜಾದ್ರೆ ಅಪೆಂಡ್ ಸಾಲಿನಲ್ಲಿ ಫ್ಲಾಪಿ ಅಂತ ಬರೆದು, ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆ ನೀವೇ ಕೊಡಬೇಕಾಗ್ತದೆ.

ಶರಾವತಿ_ತೀರ

ಸೈಜ್ ಸರಿಯಾಗಿ 14,74,560 ಇದೆ. ಹೆಸರನ್ನ 8.3ಕ್ಕೆ ಇಳಿಸಿದೆ. ಕಾನ್ಫಿಗ್‌ನಲ್ಲಿ ಏನು ಬರೀಬೇಕು ಅಂತ ಸಾಲು ಸಾಲಾಗಿ ಯಾರಾದ್ರೂ ಹಾಕ್ತೀರಾ? ಇಂಟರ್‌ನೆಟ್‌ನಲ್ಲಿ ಸಿಗೋದು ಒಂದಕ್ಕೊಂದು ತಾಳೆ ಇಲ್ಲ.

ಬೂಟ್‌ಸೆಕ್ಟರ್

ಸಾಲುಗಳನ್ನ ಕನ್ನಡದಲ್ಲೇ ಬರೀತಿದೀನಿ, ನೀವು ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹಾಕ್ಕೊಳ್ಳಿ:

ಲೇಬಲ್ ಡಿಎಫ್‌ಟಿ
ಮೆನು ಲೇಬಲ್ ಹಿಟಾಚಿ ಡಿಸ್ಕ್ ಟೆಸ್ಟ್
ಕರ್ನಲ್ /ಐಸೊಲಿನಕ್ಸ್/ಮೆಮ್‌ಡಿಸ್ಕ್
ಇನಿಟ್‌ಆರ್‌ಡಿ /ಇಮೇಜಸ್/ಡಿಎಫ್‌ಟಿ.ಐಎಂಜಿ
ಅಪೆಂಡ್ ಫ್ಲಾಪಿ

ಇಷ್ಟೇ. ಹಳೇ ಪುಟಗಳಲ್ಲಿ ಇನಿಟ್‌ಆರ್‌ಡಿ ಸಾಲು ಬೇರೆ ಇರಲ್ಲ, ಅಪೆಂಡ್ ಒಳಗೇ "ಇನಿಟ್‌ಆರ್‌ಡಿ=" ಅಂತ ಬರೆದಿರ್ತಾರೆ. ಎರಡೂ ನಡೆಯುತ್ತೆ, ನಿಮಗೆ ತಾಳೆ ಇಲ್ಲ ಅನ್ನಿಸಿದ್ದು ಅದಕ್ಕೇ ಇರಬೇಕು.

ಮೆಮ್‌ಡಿಸ್ಕ್ ಫೈಲ್ ಸಿಡಿಯೊಳಗೆ ಬೇರೆಯಾಗಿ ಇರಬೇಕು, ಅದು ಐಸೊಲಿನಕ್ಸ್ ಬಿನ್ ಫೈಲ್ ಒಳಗೆ ಸೇರಿರಲ್ಲ. ಇಮೇಜನ್ನ ಜಿಜಿಪ್ ಮಾಡಿಯೂ ಇಡಬಹುದು, ಮೆಮ್‌ಡಿಸ್ಕ್ ತಾನೇ ಬಿಚ್ಕೊಳ್ಳುತ್ತೆ. ಸಿಡಿಯಿಂದ ಓದೋದು ನಿಧಾನ, ಇಮೇಜ್ ಅರ್ಧ ಆದ್ರೆ ಎದ್ದೇಳೋದೂ ಬೇಗ.

ಇನ್ನೊಂದು: ಟೈಮ್‌ಔಟ್ ಸಾಲಿನ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. 30 ಬರೆದ್ರೆ 3 ಸೆಕೆಂಡಿಗೇ ಮೆನು ಹೊರಟೋಗುತ್ತೆ. 300 ಹಾಕಿ.

ರಾತ್ರಿಪಾಳಿ

ಸಿಸ್‌ಲಿನಕ್ಸ್ (ಐಸೊಲಿನಕ್ಸ್ ಇರೋ ಪ್ಯಾಕೇಜ್) ಆವೃತ್ತಿ ಯಾವುದು ಅಂತ ಯಾರೂ ಕೇಳಲೇ ಇಲ್ಲವಲ್ಲ. 5ರಿಂದ ಈಚೆಗೆ ಮೆನು ಸಿ32 ಒಂದೇ ಸಾಲದು, ಎಲ್‌ಡಿಲಿನಕ್ಸ್ ಸಿ32, ಲಿಬ್‌ಕಾಮ್32, ಲಿಬ್‌ಯುಟಿಲ್ ಇವೂ ಪಕ್ಕದಲ್ಲೇ ಇರಬೇಕು. ಅದಕ್ಕಿಂತ ಮುಖ್ಯ, ಎಲ್ಲವೂ ಒಂದೇ ಆವೃತ್ತಿಯ ಪ್ಯಾಕೇಜಿಂದ ಬಂದಿರಬೇಕು. 4.07ರ ಬಿನ್ ಫೈಲ್‌ಗೆ 6.03ರ ಮೆನು ಸಿ32 ಹಾಕಿದ್ರೆ ಮೆನು ಕಾಣಿಸೋದೇ ಇಲ್ಲ. ಬೂಟ್ ಸಿಡಿ ಕೆಡೋದರಲ್ಲಿ ಅರ್ಧ ಪಾಲು ಈ ಬೆರಕೆಯದ್ದೇ.

ಶರಾವತಿ_ತೀರ

ನಂದು ಎಲ್ಲಾ 4.07. ಅದನ್ನ ಮುಟ್ಟಿಲ್ಲ. ಡಿಎಫ್‌ಟಿ ಎದ್ದಿತು! ಬೂಟ್‌ಸೆಕ್ಟರ್, ಹುಬ್ಬಳ್ಳಿಯವರೇ, ತುಂಬಾ ಥ್ಯಾಂಕ್ಸ್.

ಈಗ ಎಂಎಚ್‌ಡಿಡಿ. ನನ್ನ ಹತ್ರ ಇಮೇಜ್ ಇಲ್ಲ, ಬರೀ ಎಕ್ಸಿಕ್ಯೂಟಬಲ್ ಫೈಲ್ ಮತ್ತು ಅದರ ಕಾನ್ಫಿಗ್ ಫೋಲ್ಡರ್ ಇವೆ. ಫ್ಲಾಪಿ ಡ್ರೈವೂ ಇಲ್ಲ.

ಕರಾವಳಿ_ಕೋಡ್

ಫ್ಲಾಪಿ ಡ್ರೈವ್ ಬೇಡವೇ ಬೇಡ. ನಿಮ್ಮ ಹತ್ರ ಏಳುವ ಫ್ರೀಡಾಸ್ ಇಮೇಜ್ ಉಂಟಲ್ಲ, ಅದನ್ನೇ ಕಾಪಿ ಮಾಡಿ ಬೇಡದ ಫೈಲ್ ತೆಗೆಯಿರಿ. ಕರ್ನಲ್ ಸಿಸ್ ಮತ್ತು ಕಮಾಂಡ್ ಕಾಮ್ ಉಳಿಸಿ. ಬೂಟ್ ಸೆಕ್ಟರ್ ಆಗಲೇ ಇರುವುದರಿಂದ ಹೊಸದಾಗಿ ಸಿಸ್ ಹೊಡೆಯುವ ಅಗತ್ಯ ಇಲ್ಲ.

ಲಿನಕ್ಸ್ ಆದ್ರೆ ಎಂಟೂಲ್ಸ್ ಹಾಕಿ. ಎಂಕಾಪಿ ಕಮಾಂಡ್‌ಗೆ ಸಣ್ಣ ಐ ಆಪ್ಷನ್, ಅದರ ಮುಂದೆ ಇಮೇಜ್ ಹೆಸರು, ಆಮೇಲೆ ಹಾಕಬೇಕಾದ ಫೈಲ್, ಕೊನೆಗೆ ಎರಡು ಕೋಲನ್ ಮತ್ತು ಒಂದು ಸ್ಲ್ಯಾಶ್. ಮೌಂಟ್ ಮಾಡುವ ಗೋಜಿಲ್ಲ, ರೂಟ್ ಪಾಸ್‌ವರ್ಡೂ ಬೇಡ. ಕಾನ್ಫಿಗ್ ಫೋಲ್ಡರ್ ಹಾಕಲಿಕ್ಕೆ ಸಣ್ಣ ಎಸ್ ಸೇರಿಸಿ. ವಿಂಡೋಸ್‌ನವರಿಗೆ ವಿನ್‌ಇಮೇಜ್ ಅಥವಾ ಐಎಂಡಿಸ್ಕ್.

ಆಟೊಎಕ್ಸೆಕ್‌ನಲ್ಲಿ ಎಂಎಚ್‌ಡಿಡಿ ಅಂತ ಒಂದೇ ಸಾಲು ಸಾಕು.

ಹುಬ್ಬಳ್ಳಿ_ಹಾರ್ಡ್‌ವೇರ್

ಒಂದು ಸಾಲು ಸಾಲಂಗಿಲ್ರಿ. ಎಂಎಚ್‌ಡಿಡಿ ತಾನಾಗಿ ಪ್ರೈಮರಿ ಚಾನಲ್ ನೋಡಂಗಿಲ್ಲ. ಹಳೇ ಐಡಿಇ ಮಷಿನ್‌ನಾಗ ಡಿಸ್ಕ್ ಪ್ರೈಮರಿ ಮ್ಯಾಸ್ಟರ್ ಇದ್ರ ಲಿಸ್ಟ್‌ನಾಗ ಕಾಣಂಗೇ ಇಲ್ಲ, ಮಂದಿ ಡಿಸ್ಕ್ ಸತ್ತೈತಿ ಅಂತ ತಿಳ್ಕೊತಾರ. ಎಂಎಚ್‌ಡಿಡಿ ಮುಂದ ಸ್ಲ್ಯಾಶ್ ಹಾಕಿ ಎನೇಬಲ್‌ಪ್ರೈಮರಿ ಅಂತ ಕೊಡ್ರಿ, ಸ್ಲ್ಯಾಶ್ ಮತ್ತ ಆ ಪದದ ನಡುವ ಜಾಗ ಬಿಡಬ್ಯಾಡ್ರಿ.

ಎರಡನೇದು, ಅದು ತನ್ನ ಲಾಗ್ ಬರೀಲಿಕ್ಕೆ ಜಾಗ ಕೇಳ್ತದ. ಬರೀಲಿಕ್ಕೆ ಬರದ ಮೀಡಿಯಾದಿಂದ ಎಬ್ಬಿಸಿದ್ರ ತಕರಾರು ಮಾಡ್ತದ. ಮೆಮ್‌ಡಿಸ್ಕ್ ಇಮೇಜನ್ನ ರಾಮ್‌ಗೆ ಏರಿಸೋದ್ರಿಂದ ಬರೀಲಿಕ್ಕೆ ಬರ್ತದ, ಆ ತ್ರಾಸಿಲ್ಲ. ಆದ್ರ ರೀಸ್ಟಾರ್ಟ್ ಆದ ಕೂಡ್ಲೇ ಲಾಗ್ ಹೋತು. ರಿಸಲ್ಟ್ ಬೇಕಂದ್ರ ಪರದೆಯ ಫೋಟೋ ಹೊಡಕೊಳ್ರಿ.

ಚಾಮುಂಡಿಬೆಟ್ಟ_64

ಫ್ರೀಡಾಸ್ ಇಮೇಜ್‌ನಲ್ಲಿ ಇಎಂಎಂ386 (ಡಾಸ್‌ನ ಮೆಮೊರಿ ಮ್ಯಾನೇಜರ್) ಥರದ್ದೇನಾದ್ರೂ ಇದ್ರೆ ಕಾನ್ಫಿಗ್‌ನಿಂದ ತೆಗೆದುಹಾಕಿ. ಮೆಮ್‌ಡಿಸ್ಕ್ ಮೇಲಿನ ಮೆಮೊರಿಗೆ ಹೋಗೋ ದಾರಿಯಲ್ಲೇ ಅದೂ ಅಡ್ಡ ಕೂರುತ್ತೆ, ಕೆಲವು ಬೋರ್ಡ್‌ಗಳಲ್ಲಿ ಡಾಸ್ ಏಳೋ ಹೊತ್ತಿಗೆ ಕಲ್ಲಾಗಿ ನಿಂತುಬಿಡುತ್ತೆ. ತೆಗೆದ ಮೇಲೂ ನಿಂತರೆ ಅಪೆಂಡ್ ಸಾಲಿಗೆ ರಾ ಅಂತ ಸೇರಿಸಿ. ಡಿಸ್ಕ್ ಟೆಸ್ಟ್‌ಗೆ ಅದು ಕೊಡೋ ಇಎಂಎಸ್ ಮೆಮೊರಿ ಏನೂ ಬೇಕಿಲ್ಲ ಕಣ್ರೀ.

ಲಿನಕ್ಸ್‌ಪ್ರಿಯೆ

ಇಷ್ಟೆಲ್ಲ ಕಷ್ಟಪಟ್ಟು ಕೂರಿಸ್ತಿರೋದು ಯಾವ ಕಾಲದ ಟೂಲ್ ಅಂತ ಒಮ್ಮೆ ಯೋಚಿಸಿ. ಮ್ಯಾಕ್ಸ್ಟರ್ 2006ರಲ್ಲಿ ಸೀಗೇಟ್ ಪಾಲಾಯ್ತು, ಫುಜಿತ್ಸು ಡಿಸ್ಕ್ ವಿಭಾಗ 2009ರಲ್ಲಿ ತೋಶಿಬಾಗೆ ಹೋಯ್ತು, ಸ್ಯಾಮ್‌ಸಂಗ್‌ದು 2011ರಲ್ಲಿ ಸೀಗೇಟ್‌ಗೆ, ಹಿಟಾಚಿಯದು 2012ರಲ್ಲಿ ವೆಸ್ಟರ್ನ್ ಡಿಜಿಟಲ್‌ಗೆ. ಒಂದೊಂದು ಕಂಪನಿಗೆ ಒಂದೊಂದು ಡಾಸ್ ಟೂಲ್ ಇಟ್ಕೊಳ್ಳೋ ಕಾಲ ಅದು. ಎಎಚ್‌ಸಿಐ (ಐಡಿಇ ನಂತರ ಬಂದ ಸಾಟಾ ರೀತಿ) ಮೋಡ್‌ನಲ್ಲಿರೋ ಸಾಟಾ ಡಿಸ್ಕ್ ಎಂಎಚ್‌ಡಿಡಿಗೆ ಕಾಣಲ್ಲ. ಎನ್‌ವಿಎಂಇ ಎಸ್‌ಎಸ್‌ಡಿ ಅಂತೂ ಕೇಳಲೇಬೇಡಿ.

ಒಂದು ಪುಟ್ಟ ಲಿನಕ್ಸ್ ಮತ್ತು ಸ್ಮಾರ್ಟ್‌ಕಂಟ್ರೋಲ್ (ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡೋ ಸ್ಮಾರ್ಟ್ ಲೆಕ್ಕ ಓದೋ smartctl ಕಮಾಂಡ್) ಇದ್ರೆ ಯಾವ ಕಂಪನಿಯ ಡಿಸ್ಕ್ ಆದ್ರೂ ಒಂದೇ ಕಮಾಂಡ್. ಟೆಸ್ಟ್ ಮಾಡೋದೂ ಡ್ರೈವ್‌ನ ಸ್ವಂತ ಫರ್ಮ್‌ವೇರ್, ಹೊರಗಿನ ಸಾಫ್ಟ್‌ವೇರ್ ಅಲ್ಲ.

ಹುಬ್ಬಳ್ಳಿ_ಹಾರ್ಡ್‌ವೇರ್

ಮೇಡಂ, ಎಎಚ್‌ಸಿಐ ಇದ್ರ ಬಯಾಸ್‌ನಾಗ ಐಡಿಇ ಅಥವಾ ಕಂಪ್ಯಾಟಿಬಲ್ ಅಂತ ಮಾಡಿದ್ರ ಕಾಣ್ತದಲ್ರಿ. ಮತ್ತ ಸೆಕ್ಟರ್ ಸೆಕ್ಟರ್ ಎಷ್ಟು ಹೊತ್ತು ತಗೊಂತು ಅಂತ ಕಣ್ಣಿಗೆ ಕಾಣೋದು ಎಂಎಚ್‌ಡಿಡಿಯೊಳಗ. 255 ಸೆಕ್ಟರ್‌ಗೆ ಒಂದು ಬ್ಲಾಕ್, 3 ಮಿಲಿಸೆಕೆಂಡ್, 10, 50, 150, 500 ಅಂತ ಬಣ್ಣ ಬಣ್ಣ. 500 ದಾಟಿದ ಬ್ಲಾಕ್ ಸಾಲಾಗಿ ಒಂದೇ ಕಡೆ ಬಂದ್ರ ಆ ಜಾಗದಾಗ ತಟ್ಟಿ ಸೊರಗೈತಿ ಅಂತ ಗೊತ್ತಾಗ್ತದ. ಸ್ಮಾರ್ಟ್ ಅದನ್ನ ಹೇಳ್ತದೇನು? ಅದು ಪಾಸ್ ಅಂತ ಹೇಳಿ ಸುಮ್ನ ಕೂಡ್ತದ.

ಲಿನಕ್ಸ್‌ಪ್ರಿಯೆ

"ಪಾಸ್" ಅನ್ನೋ ಒಂದು ಪದ ನೋಡಿ ಬಿಡೋರು ತಪ್ಪು ಮಾಡ್ತಿದ್ದಾರೆ, ಅದರಲ್ಲಿ ನಿಮ್ಮ ಜೊತೆ ನಂದು ತಕರಾರಿಲ್ಲ. ಗೂಗಲ್ 2007ರಲ್ಲಿ ತನ್ನ ಡಿಸ್ಕ್‌ಗಳ ಲೆಕ್ಕ ಬಿಡುಗಡೆ ಮಾಡ್ತಲ್ಲ, ಅದರಲ್ಲಿ ಕೆಟ್ಟುಹೋದ ಡಿಸ್ಕ್‌ಗಳ ಪೈಕಿ 56 ಶೇಕಡಾದಲ್ಲಿ ನಾಲ್ಕು ಮುಖ್ಯ ಸ್ಮಾರ್ಟ್ ಸೂಚಕಗಳಲ್ಲಿ ಒಂದರಲ್ಲೂ ಎಣಿಕೆ ಏರಿರಲಿಲ್ಲ. ಆದ್ರೆ ಅದೇ ಲೆಕ್ಕದಲ್ಲಿ, ಮೊದಲ ಸ್ಕ್ಯಾನ್ ಎರರ್ ಕಂಡ ಡಿಸ್ಕ್ 60 ದಿನದೊಳಗೆ ಕೆಡೋ ಸಂಭವ, ಎರರ್ ಇಲ್ಲದ ಡಿಸ್ಕ್‌ಗಿಂತ 39 ಪಟ್ಟು. ಅಂದ್ರೆ ಸೂಚಕ ಸೊನ್ನೆ ಇದ್ರೆ ನಿರಾಳ ಆಗ್ಬೇಡಿ, ಸೊನ್ನೆ ದಾಟಿದ್ರೆ ಕಾಯ್ಬೇಡಿ.

ನೋಡಬೇಕಾದ ಸಂಖ್ಯೆ: 5 ಅಂದ್ರೆ ಬೇರೆ ಕಡೆ ಬದಲಾಯಿಸಿದ ಸೆಕ್ಟರ್. 197 ಅಂದ್ರೆ ಓದಕ್ಕಾಗದೆ ತೀರ್ಮಾನಕ್ಕೆ ಕಾಯ್ತಿರೋ ಸೆಕ್ಟರ್. 198 ಆಫ್‌ಲೈನ್ ಸ್ಕ್ಯಾನ್‌ನಲ್ಲೂ ಸರಿಹೋಗದ್ದು. ಈ ಮೂರರ ಕೊನೇ ಕಾಲಂ, ಅಂದ್ರೆ ರಾ ವ್ಯಾಲ್ಯೂ, ಅದನ್ನ ನೋಡಿ.

ರಾತ್ರಿಪಾಳಿ

ಸೀಗೇಟ್ ಡಿಸ್ಕ್‌ನಲ್ಲಿ 1 ಮತ್ತು 7ರ ರಾ ವ್ಯಾಲ್ಯೂ ಕೋಟಿಗಟ್ಟಲೆ ಇರುತ್ತೆ, ಅದಕ್ಕೆ ಹೆದರಬೇಡಿ. 48 ಬಿಟ್ ಸಂಖ್ಯೆ ಅದು. ಮೇಲಿನ 16 ಬಿಟ್ ಎರರ್ ಎಣಿಕೆ, ಕೆಳಗಿನ 32 ಬಿಟ್ ಒಟ್ಟು ಎಷ್ಟು ಸಲ ಓದಿತು ಅಥವಾ ಹುಡುಕಿತು ಅನ್ನೋದು. ಮೇಲಿನ ಭಾಗ ಸೊನ್ನೆ ಇದ್ರೆ ಏನೂ ಆಗಿಲ್ಲ.

199 ಏರ್ತಿದ್ರೆ ಡಿಸ್ಕ್ ಬಿಡಿ, ಮೊದಲು ಸಾಟಾ ಕೇಬಲ್ ಬದಲಾಯಿಸಿ. ಅದು ಕೇಬಲ್ ಮೇಲೆ ಹೋಗೋ ಡೇಟಾದ ಸಿಆರ್‌ಸಿ ತಪ್ಪು. ಕೇಬಲ್ ಬದಲಾಯಿಸಿದ್ರೂ ಹಳೇ ಎಣಿಕೆ ಇಳಿಯಲ್ಲ, ಮುಂದಕ್ಕೆ ಏರದಿದ್ರೆ ಸರಿ ಹೋಯ್ತು ಅಂತ ಅರ್ಥ.

ಕರಾವಳಿ_ಕೋಡ್

ಎಎಚ್‌ಸಿಐ ಇಂದ ಐಡಿಇಗೆ ಬದಲಿಸಿ ಅನ್ನುವವರು ಅರ್ಧ ಮಾತ್ರ ಹೇಳಿ ಬಿಡ್ತಾರೆ. ಟೆಸ್ಟ್ ಮುಗಿದ ಮೇಲೆ ವಾಪಸ್ ಎಎಚ್‌ಸಿಐ ಮಾಡದೆ ವಿಂಡೋಸ್ ಎಬ್ಬಿಸಿದ್ರೆ ನೀಲಿ ಪರದೆ, ಕೊನೆಗೆ 7ಬಿ ಅಂತ ಕೋಡ್. ವಿಂಡೋಸ್ ಹಾಳಾಗಿರುವುದಿಲ್ಲ, ಮೋಡ್ ಮೊದಲಿನಂತೆ ಮಾಡಿದ್ರೆ ಏಳ್ತದೆ. ಆದ್ರೆ ನೋಡಿದವರು ಡಿಸ್ಕೇ ಹೋಯ್ತು ಅಂತ ಫಾರ್ಮ್ಯಾಟ್ ಹೊಡೆದು ಬಿಡ್ತಾರೆ. ರೇಡ್ ಮೋಡ್‌ನಲ್ಲಿ ಇದ್ರೆ ಮುಟ್ಟಲೇಬೇಡಿ.

ಬಿಟ್‌ಲಾಕರ್ ಇರುವ ಮಷಿನ್ ಆದ್ರೆ ಬಯಾಸ್ ಸೆಟ್ಟಿಂಗ್ ಬದಲಿಸುವ ಮುಂಚೆ ರಿಕವರಿ ಕೀ ಕೈಯಲ್ಲಿ ಇಟ್ಟುಕೊಳ್ಳಿ. ಅದು 48 ಅಂಕಿಯ ಕೀ, ನೆನಪಲ್ಲಿ ಇರುವಂಥದ್ದಲ್ಲ.

ಚಾಮುಂಡಿಬೆಟ್ಟ_64

ಡಾಸ್‌ನಲ್ಲೇ ಇರಬೇಕು ಅನ್ನೋರಿಗೆ ಎಚ್‌ಡಿಎಟಿ2 ಇದೆ. ಅದರ ಹೊಸ ಆವೃತ್ತಿಗಳು ಎಎಚ್‌ಸಿಐ ಡಿಸ್ಕ್ ನೇರವಾಗಿ ನೋಡ್ತವೆ, ಬಯಾಸ್ ಬದಲಾಯಿಸಬೇಕಿಲ್ಲ. ಮೆನುಗೆ ಸೇರಿಸೋ ರೀತಿ ಮೇಲಿನದ್ದೇ.

ಬೂಟ್‌ಸೆಕ್ಟರ್

ಇಬ್ಬರ ವಾದವೂ ಒಂದೇ ಸಿಡಿಯಲ್ಲಿ ಕೂರುತ್ತೆ, ಜಗಳ ಯಾಕೆ? ಟೈನಿ ಕೋರ್ ಅನ್ನೋ ಪುಟ್ಟ ಲಿನಕ್ಸ್‌ನ ಬರೀ ಕೋರ್ ಆವೃತ್ತಿ 20 ಎಂಬಿ ಒಳಗಿದೆ. 700 ಎಂಬಿ ಸಿಡಿಯಲ್ಲಿ ಅದು ಲೆಕ್ಕಕ್ಕೇ ಇಲ್ಲ.

ವಿಎಂಲಿನಜ್ ಮತ್ತು ಕೋರ್ ಜಿಜೆಡ್ ಎರಡು ಫೈಲ್ ಬೂಟ್ ಫೋಲ್ಡರ್‌ಗೆ. ಇಲ್ಲಿ ಮೆಮ್‌ಡಿಸ್ಕ್ ಬೇಡ, ಕರ್ನಲ್ ಸಾಲಿಗೆ ವಿಎಂಲಿನಜ್, ಇನಿಟ್‌ಆರ್‌ಡಿ ಸಾಲಿಗೆ ಕೋರ್ ಜಿಜೆಡ್, ಅಪೆಂಡ್‌ಗೆ ಸಿಡಿಇ ಅನ್ನೋ ಮೂರಕ್ಷರ. ಸಿಡಿಯ ಬೇರಿನಲ್ಲಿ ಸಿಡಿಇ ಅಂತ ಫೋಲ್ಡರ್ ಮಾಡಿ, ಅದರೊಳಗೆ ಆಪ್ಷನಲ್ ಅಂತ ಇನ್ನೊಂದು, ಅಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಟಿಸಿಜೆಡ್ (ಸ್ಮಾರ್ಟ್‌ಕಂಟ್ರೋಲ್ ಇರೋ ಪ್ಯಾಕೇಜ್) ಹಾಕಿ. ಅದರ ಡೆಪ್ ಫೈಲ್ ತೆಗೆದು ನೋಡಿ, ಅಲ್ಲಿರೋ ಹೆಸರುಗಳನ್ನೂ ಇಳಿಸ್ಕೊಳ್ಳಿ. ಸಿಡಿಇ ಒಳಗೆ ಆನ್‌ಬೂಟ್ ಎಲ್‌ಎಸ್‌ಟಿ ಫೈಲ್‌ನಲ್ಲಿ ಆ ಟಿಸಿಜೆಡ್ ಹೆಸರು ಒಂದು ಸಾಲು.

ಗಮನಿಸಿ, ಇಲ್ಲಿ ಉದ್ದ ಹೆಸರು ನಡೆಯುತ್ತೆ. ಬೂಟ್ ಆಗೋವರೆಗೂ ಸಿಡಿ ಓದೋದು ಐಸೊಲಿನಕ್ಸ್, ಅದಕ್ಕೆ ಚಿಕ್ಕ ಹೆಸರು ಬೇಕು. ಆಮೇಲೆ ಓದೋದು ಲಿನಕ್ಸ್, ಅದು ರಾಕ್ ರಿಡ್ಜ್ ಹೆಸರು ನೋಡುತ್ತೆ. ಹಾಗಾಗಿ ನೀವು ಹಾಕಿರೋ ದೊಡ್ಡ ಆರ್ ಆಪ್ಷನ್ ಬಿಡಬೇಡಿ, ಬಿಟ್ರೆ ಟಿಸಿಜೆಡ್ ಹೆಸರು ಮುರಿದು ಕೋರ್‌ಗೆ ಸಿಗದೇ ಹೋಗುತ್ತೆ.

ರಾತ್ರಿಪಾಳಿ

ಇದೇ ಕೆಲಸಕ್ಕೆ ಸಿಸ್ಟಂರೆಸ್ಕ್ಯೂ ಅನ್ನೋ ಲಿನಕ್ಸ್ ಹಾಕೋಣ ಅನ್ನೋರಿಗೆ ಎರಡು ಮಾತು. ಈಗಿನದ್ದು ಸಿಡಿಗೆ ಹಿಡಿಸಲ್ಲ, ಡಿವಿಡಿ ಬೇಕು. ಮತ್ತೆ ಅದು ತನ್ನ ಫೈಲ್‌ಗಳನ್ನ ಹುಡುಕೋದು ವಾಲ್ಯೂಮ್ ಲೇಬಲ್ ಮೂಲಕ. ಅಪೆಂಡ್‌ನಲ್ಲಿರೋ ಆರ್ಚ್‌ಐಸೊಲೇಬಲ್ ಮತ್ತು ನೀವು ಎಂಕೆಐಎಸ್‌ಒಎಫ್‌ಎಸ್‌ಗೆ ದೊಡ್ಡ ವಿ ಆಪ್ಷನ್‌ನಲ್ಲಿ ಕೊಟ್ಟ ಲೇಬಲ್ ಅಕ್ಷರ ಅಕ್ಷರ ಒಂದೇ ಇರಬೇಕು. ಇಲ್ಲಾಂದ್ರೆ ಕರ್ನಲ್ ಏಳುತ್ತೆ, 30 ಸೆಕೆಂಡ್ ಲೇಬಲ್‌ಗೆ ಕಾಯುತ್ತೆ, ತುರ್ತು ಶೆಲ್‌ಗೆ ಬೀಳುತ್ತೆ.

ಶರಾವತಿ_ತೀರ

ಕೋರ್ ಹಾಕ್ತೀನಿ. ಆದ್ರೆ ಈಗ ಹೊಸ ತೊಂದರೆ. ಐಎಸ್‌ಒ ಮತ್ತೆ ಕಟ್ಟಿದೆ, "ಇಮೇಜ್ ಚೆಕ್‌ಸಮ್ ಎರರ್, ಸಾರಿ" ಅಂತ ಬಂತು. ಮೆನುವರೆಗೂ ಹೋಗ್ತಿಲ್ಲ. ನಿನ್ನೆವರೆಗೂ ಚೆನ್ನಾಗಿತ್ತು.

ಬೂಟ್‌ಸೆಕ್ಟರ್

ಬೂಟ್-ಇನ್ಫೊ-ಟೇಬಲ್ ಆಪ್ಷನ್ ಬಿಟ್ಟಿದೀರಾ ನೋಡಿ. ಪೂರ್ತಿ ಕಮಾಂಡ್‌ನಲ್ಲಿ ಇರಲೇಬೇಕಾದ್ದು: ಬಿ ಆಪ್ಷನ್‌ಗೆ ಐಸೊಲಿನಕ್ಸ್ ಬಿನ್ ದಾರಿ, ಸಿ ಆಪ್ಷನ್‌ಗೆ ಬೂಟ್ ಕ್ಯಾಟ್ ದಾರಿ, ನೋ-ಎಮ್ಯುಲ್-ಬೂಟ್, ಬೂಟ್-ಲೋಡ್-ಸೈಜ್ 4, ಬೂಟ್-ಇನ್ಫೊ-ಟೇಬಲ್. ಎರಡೂ ದಾರಿ ಐಎಸ್‌ಒ ಬೇರಿನಿಂದ ಲೆಕ್ಕ, ನೀವು ನಿಂತಿರೋ ಡೈರೆಕ್ಟರಿಯಿಂದ ಅಲ್ಲ.

ಆ ಟೇಬಲ್ ಆಪ್ಷನ್ ನಿಮ್ಮ ಮೂಲ ಫೋಲ್ಡರ್‌ನಲ್ಲಿರೋ ಬಿನ್ ಫೈಲನ್ನೇ ತಿದ್ದುತ್ತೆ. ಫೈಲ್ ಬರೆಯೋ ಅನುಮತಿ ಇರಬೇಕು, ಒಂದು ಶುದ್ಧ ಪ್ರತಿ ಬೇರೆ ಕಡೆ ಇಟ್ಟು ಪ್ರತಿ ಸಲ ಕಟ್ಟೋ ಮುಂಚೆ ಅದನ್ನೇ ಕಾಪಿ ಮಾಡೋದು ಒಳ್ಳೇದು.

ಚಾಮುಂಡಿಬೆಟ್ಟ_64

ವಿಂಡೋಸ್‌ನಲ್ಲಿ ಇಮ್ಜ್‌ಬರ್ನ್ ಬಳಸೋರು: ಎಮ್ಯುಲೇಷನ್ ನನ್, ಲೋಡ್ ಸೆಗ್‌ಮೆಂಟ್ 07ಸಿ0, ಸೆಕ್ಟರ್ 4. ಬೂಟ್ ಇನ್ಫರ್ಮೇಷನ್ ಟೇಬಲ್ ಪ್ಯಾಚ್ ಮಾಡ್ಲಾ ಅಂತ ಕೇಳಿದ್ರೆ ಹೂಂ ಅನ್ನಿ.

ಪ್ರತಿ ಸಲಕ್ಕೂ ಸಿಡಿ ಬರೆದು ಹಾಳು ಮಾಡ್ಬೇಡಿ. ಕ್ಯೂಎಂಯು ಅನ್ನೋ ವರ್ಚುವಲ್ ಮಷಿನ್‌ಗೆ ಐಎಸ್‌ಒ ಕೊಟ್ಟು, ಬೂಟ್ ಡಿ, ಮೆಮೊರಿ 512 ಅಂತ ಓಡಿಸಿ, ಮೆನು ಎದ್ರೆ ಆಮೇಲೆ ಬರೆಯಿರಿ. ಕ್ಯೂಎಂಯುನಲ್ಲಿ ಒಂದು ಖಾಲಿ ಐಡಿಇ ಡಿಸ್ಕ್ ಇಮೇಜ್ ಕೂಡ ಸೇರಿಸಿದ್ರೆ ಟೂಲ್ ಅದನ್ನ ಪಟ್ಟಿ ಮಾಡುತ್ತಾ ಅಂತಲೂ ಗೊತ್ತಾಗುತ್ತೆ.

ಶರಾವತಿ_ತೀರ

ಹೌದು, ಸಣ್ಣ ಎಲ್ ಸೇರಿಸುವಾಗ ಟೇಬಲ್ ಆಪ್ಷನ್ ಅಳಿಸಿಹೋಗಿತ್ತು. ಸರಿಹೋಯ್ತು. ಕೋರ್ ಏಳ್ತಿದೆ, ಸ್ಮಾರ್ಟ್‌ಕಂಟ್ರೋಲ್ ಓಡ್ತಿದೆ. ಲಾಂಗ್ ಟೆಸ್ಟ್ ಕೊಟ್ರೆ ತಕ್ಷಣ ಪ್ರಾಂಪ್ಟ್ ವಾಪಸ್ ಬಂತು, ಏನೂ ಆಗ್ತಿರೋ ಹಾಗೆ ಕಾಣಲ್ಲ?

ಲಿನಕ್ಸ್‌ಪ್ರಿಯೆ

ಆಗ್ತಿದೆ, ಡ್ರೈವ್ ಒಳಗಡೆ. ಕಮಾಂಡ್ ಬರೀ ಶುರು ಮಾಡು ಅಂತ ಹೇಳಿ ಬರುತ್ತೆ. ಎಷ್ಟು ನಿಮಿಷ ಬೇಕು ಅಂತ ಡ್ರೈವೇ ಹೇಳುತ್ತೆ, ಸಣ್ಣ ಸಿ ಆಪ್ಷನ್‌ನಲ್ಲಿ ನೋಡಿ. ಶಾರ್ಟ್ ಟೆಸ್ಟ್ ಸುಮಾರು 2 ನಿಮಿಷ. ಲಾಂಗ್ ಅಂದ್ರೆ ಪೂರ್ತಿ ತಟ್ಟೆ ಓದಬೇಕು. ಸೆಕೆಂಡಿಗೆ 150 ಎಂಬಿ ಅಂತ ಹಿಡಿದ್ರೆ 1 ಟಿಬಿಗೆ 2 ಗಂಟೆ ಹತ್ತಿರ, 4 ಟಿಬಿಗೆ 7 ಗಂಟೆ ದಾಟುತ್ತೆ. ಎಲ್ ಆಪ್ಷನ್ ಜೊತೆ ಸೆಲ್ಫ್‌ಟೆಸ್ಟ್ ಅಂತ ಕೊಟ್ರೆ ಫಲಿತಾಂಶದ ಪಟ್ಟಿ. ಎರರ್ ಬಂದಿದ್ರೆ ಮೊದಲು ಎಡವಿದ ಎಲ್‌ಬಿಎ ವಿಳಾಸವೂ ಅಲ್ಲೇ ಇರುತ್ತೆ.

ನಡುವೆ ಕರೆಂಟ್ ಹೋದ್ರೆ ಟೆಸ್ಟ್ ನಿಂತುಹೋಗುತ್ತೆ, ಪಟ್ಟಿಯಲ್ಲಿ ಇಂಟರಪ್ಟೆಡ್ ಅಂತ ಬರಬಹುದು. ಅದು ಡಿಸ್ಕ್ ದೋಷ ಅಲ್ಲ. ಯುಪಿಎಸ್ ಮೇಲೆ ಹಾಕಿ. ಯುಎಸ್‌ಬಿ ಡಬ್ಬಿಯಲ್ಲಿರೋ ಡಿಸ್ಕ್ ಆದ್ರೆ ಡಿ ಆಪ್ಷನ್ ಜೊತೆ ಸ್ಯಾಟ್ ಅಂತ ಕೊಡಬೇಕಾಗಬಹುದು. ಕೆಲವು ಡಬ್ಬಿಗಳು ಸ್ವಲ್ಪ ಹೊತ್ತು ಕೆಲಸ ಇಲ್ಲ ಅಂದ್ರೆ ಡಿಸ್ಕನ್ನ ಮಲಗಿಸಿಬಿಡ್ತವೆ, ಆಗ ಲಾಂಗ್ ಟೆಸ್ಟ್ ಮುಗಿಯೋದೇ ಇಲ್ಲ.

ಕರಾವಳಿ_ಕೋಡ್

ಇಷ್ಟು ಹೊತ್ತು ಯಾರೂ ಹೇಳದ ಒಂದು ವಿಷಯ, ಇದೇ ಎಲ್ಲಕ್ಕಿಂತ ದೊಡ್ಡದು. ಡಿಸ್ಕ್‌ನಲ್ಲಿ ಬೇಕಾದ ಡೇಟಾ ಇದ್ದು, ಬ್ಯಾಕಪ್ ಇಲ್ಲದಿದ್ರೆ ಸರ್ಫೇಸ್ ಸ್ಕ್ಯಾನೂ ಬೇಡ, ಲಾಂಗ್ ಟೆಸ್ಟೂ ಬೇಡ. ಸಾಯ್ತಾ ಇರುವ ಡಿಸ್ಕ್‌ಗೆ ಉಳಿದಿರುವ ಓದುವ ಶಕ್ತಿಯನ್ನು ಟೆಸ್ಟ್‌ಗೆ ಖರ್ಚು ಮಾಡಿದ ಹಾಗೆ ಆಗ್ತದೆ. ಸ್ಮಾರ್ಟ್ ಪಟ್ಟಿ ಒಮ್ಮೆ ನೋಡಿ, 197 ಏರಿದ್ರೆ ನೇರವಾಗಿ ಡಿಡಿರೆಸ್ಕ್ಯೂ (ಕೆಡ್ತಾ ಇರುವ ಡಿಸ್ಕ್‌ನಿಂದ ಡೇಟಾ ಕಾಪಿ ಮಾಡುವ ಟೂಲ್). ಮೊದಲ ಸುತ್ತು ಸಣ್ಣ ಎನ್ ಆಪ್ಷನ್ ಹಾಕಿ, ಕೆಟ್ಟ ಜಾಗ ಕೆದಕದೆ ಸುಲಭವಾಗಿ ಸಿಗುವುದನ್ನೆಲ್ಲ ಎತ್ತಿಕೊಳ್ಳಿ. ಎರಡನೇ ಸುತ್ತಿಗೆ ಆರ್ 3. ಮ್ಯಾಪ್ ಫೈಲ್ ಹೆಸರು ಕೊಡಲು ಮರೆಯಬೇಡಿ, ಅದಿಲ್ಲದಿದ್ರೆ ನಡುವೆ ನಿಂತಾಗ ಮತ್ತೆ ಮೊದಲಿಂದ. ಆ ಮ್ಯಾಪ್ ಫೈಲ್ ಕೋರ್‌ನ ರಾಮ್‌ನಲ್ಲಿ ಇಡಬೇಡಿ, ಬೇರೆ ಪೆನ್ ಡ್ರೈವ್‌ನಲ್ಲಿ ಇಡಿ.

ಟಕ್ ಟಕ್ ಶಬ್ದ ಬರ್ತಾ ಇದ್ರೆ ಡಿಡಿರೆಸ್ಕ್ಯೂ ಕೂಡ ಬೇಡ. ಪವರ್ ತೆಗೆಯಿರಿ. ಹೆಡ್ ತಟ್ಟೆಗೆ ಉಜ್ಜುತ್ತಾ ಇದ್ರೆ ಪ್ರತಿ ಸುತ್ತಿಗೂ ನಷ್ಟ.

ಹುಬ್ಬಳ್ಳಿ_ಹಾರ್ಡ್‌ವೇರ್

ಇದು ಬಂಗಾರದಂಥ ಮಾತ್ರಿ. ಇದಕ್ಕ ಒಂದು ಕೂಡಿಸ್ತೀನಿ. ಎಂಎಚ್‌ಡಿಡಿಯೊಳಗ ಎಫ್4 ಎರಡು ಸಲ ಒತ್ತಿದ್ರ ಸ್ಕ್ಯಾನ್ ಶುರು. ಆದ್ರ ಮೊದಲ ಸಲ ಒತ್ತಿದಾಗ ಬರೋ ಪಟ್ಟಿಯೊಳಗ ರೀಮ್ಯಾಪ್ ಮತ್ತ ಇರೇಸ್ ಡಿಲೇಸ್ ಅಂತ ಇರ್ತಾವ, ಎರಡೂ ಆಫ್ ಅದಾವೇನು ನೋಡ್ರಿ. ಇರೇಸ್ ಡಿಲೇಸ್ ಆನ್ ಇದ್ರ ನಿಧಾನ ಓದೋ ಸೆಕ್ಟರ್ ಮ್ಯಾಲೆ ಸೊನ್ನಿ ಬರದು ಹೋಗ್ತದ, ಡೇಟಾ ಹೋದ್ಹಂಗ.

ಬೂಟ್‌ಸೆಕ್ಟರ್

ಈ ಸಿಡಿ ಬೇರೆಯವರ ಕೈಗೂ ಹೋಗೋದಾದ್ರೆ ಅಳಿಸೋ ಟೂಲ್‌ಗಳಿಗೆ ಮೆನುವಿನಲ್ಲೇ ಬೀಗ ಹಾಕಿ. ಆ ಲೇಬಲ್ ಕೆಳಗೆ ಮೆನು ಪಾಸ್‌ವರ್ಡ್ ಸಾಲು, ಅದರ ಹೆಸರು ಕಾನ್ಫಿಗ್‌ನಲ್ಲಿ ಪಿಎಎಸ್‌ಎಸ್‌ಡಬ್ಲ್ಯುಡಿ. ಜೊತೆಗೆ ಟೆಕ್ಸ್ಟ್ ಹೆಲ್ಪ್ ಮತ್ತು ಎಂಡ್‌ಟೆಕ್ಸ್ಟ್ ನಡುವೆ ಎರಡು ಸಾಲು ಎಚ್ಚರಿಕೆ ಬರೆದ್ರೆ, ಕರ್ಸರ್ ಅಲ್ಲಿಗೆ ಬಂದಾಗ ಕೆಳಗೆ ಕಾಣುತ್ತೆ. ಇಂಗ್ಲಿಷ್‌ನಲ್ಲೇ ಬರೀರಿ, ಆ ಮೆನುಗೆ ಕನ್ನಡ ಅಕ್ಷರ ಮೂಡಿಸಕ್ಕೆ ಬರಲ್ಲ.

ಚಾಮುಂಡಿಬೆಟ್ಟ_64

ಸಿಡಿ ಡ್ರೈವ್ ಇರೋ ಮಷಿನ್ ಈಗ ಎಷ್ಟಿವೆ? ಐಸೊಹೈಬ್ರಿಡ್ ಒಮ್ಮೆ ಓಡಿಸಿಬಿಡಿ ಕಣ್ರೀ, ಅದೇ ಐಎಸ್‌ಒ ಡಿಡಿ ಮಾಡಿ ಪೆನ್ ಡ್ರೈವ್‌ಗೂ ಹಾಕಬಹುದು. ಅಥವಾ ವೆಂಟಾಯ್ ಪೆನ್ ಡ್ರೈವ್ ಮಾಡಿ ಐಎಸ್‌ಒ ಫೈಲ್ ಎಸೆದ್ರೆ ಆಯ್ತು, ಮೆನು ತಾನೇ ಬರುತ್ತೆ.

ರಾತ್ರಿಪಾಳಿ

ಪೆನ್ ಡ್ರೈವ್ ಆದ್ರೂ ಸಿಎಸ್‌ಎಂ (ಹಳೇ ಬಯಾಸ್ ಥರ ಬೂಟ್ ಮಾಡಿಸೋ ಸೌಲಭ್ಯ) ಇಲ್ಲದ ಯುಇಎಫ್‌ಐ ಮಷಿನ್‌ನಲ್ಲಿ ಮೆಮ್‌ಡಿಸ್ಕ್ ನಡೆಯಲ್ಲ. ಅದು ನಿಂತಿರೋದೇ ಬಯಾಸ್‌ನ ಇಂಟರಪ್ಟ್ 13 ಮೇಲೆ, ಅಲ್ಲಿ ಆ ಇಂಟರಪ್ಟೇ ಇಲ್ಲ. ಲಿನಕ್ಸ್ ಐಎಸ್‌ಒಗಳು ಮೆಮ್‌ಡಿಸ್ಕ್ ಮೂಲಕ ಅರ್ಧಕ್ಕೆ ನಿಲ್ಲೋದೂ ಅದಕ್ಕೇ: ಕರ್ನಲ್ ಪ್ರೊಟೆಕ್ಟೆಡ್ ಮೋಡ್‌ಗೆ ಹೋದ ಕೂಡಲೇ ಬಯಾಸ್ ಬಿಟ್ಟು ಸ್ವಂತ ಡ್ರೈವರ್ ಬಳಸುತ್ತೆ, ಆ ಡ್ರೈವರ್‌ಗೆ ರಾಮ್‌ನಲ್ಲಿರೋ ನಕಲಿ ಸಿಡಿ ಕಾಣಲ್ಲ.

ಹೊಸ ಮಷಿನ್‌ಗೆ ಗ್ರಬ್ 2 ಮತ್ತು 64 ಬಿಟ್ ಲಿನಕ್ಸ್, ಎನ್‌ವಿಎಂಇ ಆದ್ರೆ ಸ್ಮಾರ್ಟ್‌ಕಂಟ್ರೋಲ್‌ನಲ್ಲೇ ಪರ್ಸೆಂಟೇಜ್ ಯೂಸ್ಡ್, ಅವೈಲಬಲ್ ಸ್ಪೇರ್, ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್ ಈ ಮೂರು ಸಾಲು ನೋಡಿ. 5, 197 ಇವೆಲ್ಲ ಅಲ್ಲಿರಲ್ಲ. ಎನ್‌ವಿಎಂಇ ಪಟ್ಟಿಯಲ್ಲೇ ಕಾಣದಿದ್ರೆ ಬಯಾಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಆನ್ ಇದೆಯಾ ನೋಡಿ, ಆ ಮೋಡ್‌ನಲ್ಲಿ ಲಿನಕ್ಸ್‌ಗೆ ಡ್ರೈವ್ ಮರೆಯಾಗಿರುತ್ತೆ.

ಶರಾವತಿ_ತೀರ

ಈಗಿನ ಸ್ಥಿತಿ, ಮುಂದೆ ಓದೋರಿಗೆ ಅನುಕೂಲ ಆಗ್ಲಿ ಅಂತ: ಮೆನುವಿನಲ್ಲಿ ಮೊದಲು ಕೋರ್ ಮತ್ತು ಸ್ಮಾರ್ಟ್‌ಕಂಟ್ರೋಲ್, ಅದೇ ಡೀಫಾಲ್ಟ್. ಆಮೇಲೆ ಎಚ್‌ಡಿಎಟಿ2, ಡಿಎಫ್‌ಟಿ, ಕೊನೆಗೆ ಪಾಸ್‌ವರ್ಡ್ ಜೊತೆ ಎಂಎಚ್‌ಡಿಡಿ. ಇಮೇಜ್‌ಗಳೆಲ್ಲ ಜಿಜಿಪ್. ಟೈಮ್‌ಔಟ್ 300. ಕ್ಯೂಎಂಯುನಲ್ಲಿ ಎಲ್ಲವೂ ಎದ್ದಿವೆ. ಮೆಮ್‌ಟೆಸ್ಟ್ ಮಾತ್ರ ಹೊಸ ಆವೃತ್ತಿ ಹಾಕಿದ ಮೇಲೆ ಏಳ್ತಿಲ್ಲ, ಪರದೆ ಕಪ್ಪಾಗಿ ನಿಲ್ಲುತ್ತೆ.

ಬೂಟ್‌ಸೆಕ್ಟರ್

ಫೈಲ್ ಹೆಸರಿನ ಕೊನೆಯಲ್ಲಿ ಬಿನ್ ಅಂತ ಇದೆಯಾ? ಐಸೊಲಿನಕ್ಸ್ ಹೆಸರಿನ ಬಾಲ ನೋಡಿ ಫೈಲ್‌ನ ಜಾತಿ ತೀರ್ಮಾನಿಸುತ್ತೆ, ಬಿನ್ ಅಂದ್ರೆ ಸಿಡಿ ಬೂಟ್ ಸೆಕ್ಟರ್ ಅಂದ್ಕೊಳ್ಳುತ್ತೆ. ಬಾಲ ಕತ್ತರಿಸಿ ಬರೀ ಮೆಮ್‌ಟೆಸ್ಟ್ ಅಂತ ಇಡಿ.

ಶರಾವತಿ_ತೀರ

ಅದೇ ಆಗಿತ್ತು. ಎದ್ದಿತು.